ಮೊದಲು ಬೆರಳು ತೋರಿಸು

ಇಪ್ಪತ್ತು ವರ್ಷಗಳಿಂದ ಮಂದಿಯ ಬೆರಳಿಗೆ ಶಾಯಿ ಹಚ್ಚುತ್ತ ಬಂದವಳು ನಾನು. ಸಿಂದಗಿ ತಾಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಶಿಕ್ಷಕಿ. ಚುನಾವಣೆ ಬಂತೆಂದರೆ ನಮ್ಮನ್ನು ಬೇರೆ ತಾಲೂಕಿಗೆ ಕಳಿಸುತ್ತಾರೆ, ಒಮ್ಮೆ ಇಂಡಿಗೆ, ಒಮ್ಮೆ ಬಸವನ ಬಾಗೇವಾಡಿಗೆ. ಮತಗಟ್ಟೆಯಲ್ಲಿ ನನ್ನ ಪಾಲಿಗೆ ಬರುವುದು ಹೆಚ್ಚಾಗಿ ಶಾಯಿಯ ಕೆಲಸವೇ. ಬಾಟಲಿ ಉರುಳದಂತೆ ಡಬ್ಬಿಯಲ್ಲಿ ಉಸುಕು ತುಂಬಿ ಅದರಲ್ಲಿ ನಿಲ್ಲಿಸಿಕೊಂಡು, ಮುಂಜಾನೆಯಿಂದ ಸಂಜೆಯವರೆಗೆ ಎಡಗೈ ತೋರುಬೆರಳು ಹಿಡಿದು ಗೆರೆ ಎಳೆಯುವುದು. ಕಬ್ಬು ಕಡಿದ ಬೆರಳು, ರೊಟ್ಟಿ ಬಡಿದು ಗಟ್ಟಿಯಾದ ಬೆರಳು, ಶಾಯಿ ಹತ್ತದಿರಲಿ ಎಂದು ಎಣ್ಣೆ ಸವರಿಕೊಂಡು ಬಂದ ಕಿಲಾಡಿ ಬೆರಳು. ಅಂಥದನ್ನು ಮೊದಲು ಬಟ್ಟೆಯಿಂದ ಒರೆಸಿ ಆಮೇಲೆ ಹಚ್ಚುತ್ತೇನೆ.

ಈ ಕೆಲಸ ಮಾಡಿ ಮಾಡಿ ನನ್ನ ತಲೆಯಲ್ಲಿ ಒಂದು ಕಾನೂನು ಹುಟ್ಟಿಕೊಂಡಿತ್ತು. ಓಟು ಹಾಕಿದವರಿಗೆ ಮಾತ್ರ ಸರ್ಕಾರವನ್ನು ಬೈಯುವ ಹಕ್ಕು, ಹಾಕದವರು ಬಾಯಿ ಮುಚ್ಚಿಕೊಂಡಿರಬೇಕು. ಯಾರೇ ಶಾಲೆಗೆ ಬಂದು ನಳದಲ್ಲಿ ನೀರಿಲ್ಲ, ರಸ್ತೆ ಕೆಟ್ಟಿದೆ ಎಂದು ಶುರು ಮಾಡಿದರೆ "ಮೊದಲ ಬೆರಳ ತೋರಸ್ರಿ" ಅನ್ನುತ್ತಿದ್ದೆ. ಚರ್ಮದ ಶಾಯಿ ಹೋಗಿದ್ದರೂ ಉಗುರಿನ ಶಾಯಿ ಬಹಳ ದಿನ ಇರುತ್ತದೆ, ಸುಳ್ಳು ಹೇಳಲು ಆಗುವುದಿಲ್ಲ. ಊರಿಗೆ ಇದು ಬಲು ಹಿಡಿಸಿತು. ಚಾದಂಗಡಿಯಲ್ಲಿ ವಾದ ಹತ್ತಿದರೂ "ಬೆರಳ ತೋರಸಿ ಮಾತಾಡಪಾ, ಅಕ್ಕೋರ ಕಾನೂನೈತಿ" ಎನ್ನತೊಡಗಿದರು. ಅಕ್ಕೋರು ಅಂದರೆ ನಾನು. ಅದನ್ನು ಕೇಳಿ ನಾನು ಒಳಗೊಳಗೇ ಉಬ್ಬುತ್ತಿದ್ದೆ.

ಮನೆಯಲ್ಲಿ ಮಾತ್ರ ಈ ಕಾನೂನು ನಡೆಯುತ್ತಿರಲಿಲ್ಲ. ನನ್ನ ಗಂಡ ಸಿಂದಗಿ ಮಾರುಕಟ್ಟೆಯಲ್ಲಿ ರೈತರ ತೊಗರಿ ತೂಗಿ ಮಾರಿಸಿಕೊಡುವ ಅಡತಿ ಅಂಗಡಿ ನಡೆಸುತ್ತಾರೆ. ಅವರದೊಂದು ಪಕ್ಷ, ನನ್ನದೊಂದು ಪಕ್ಷ. ಮದುವೆಯಾದಂದಿನಿಂದ ಪ್ರತಿ ಲೋಕಸಭೆ ಚುನಾವಣೆಯಲ್ಲೂ ನನ್ನ ಓಟನ್ನು ಅವರು, ಅವರ ಓಟನ್ನು ನಾನು ಹೊಡೆದುಹಾಕುತ್ತಲೇ ಬಂದಿದ್ದೇವೆ. ಒಂದು ದಿನ ಊಟಕ್ಕೆ ಕುಳಿತಾಗ ಅವರು ಕೇಳಿದರು, "ಮಾರ್ಕೆಟ್ ಕಮಿಟಿ ಇಲೆಕ್ಷನ್‌ದಾಗ ಓಟ್ ಹಾಕದ ರೈತ ಅದಾನ ಅಂತ ತಿಳಕೊ. ನಾ ತಕ್ಕಡಿಯಾಗ ಮೋಸ ಮಾಡಿದ್ರ ಅಂವ ಸುಮ್ಮನ ಚೀಲ ಹೊತ್ಕೊಂಡು ಹೋಗ್ಬೇಕೇನು?"

"ಅದು ಬ್ಯಾರೆ, ಇದು ಬ್ಯಾರೆ" ಅಂದೆ.

"ಹೆಂಗ ಬ್ಯಾರೆ, ಹೇಳು."

ಪಲ್ಯ ಬಡಿಸಿ ಮಾತು ಮುಗಿಸಿದೆ.

ವಿಧಾನಸಭೆ ಚುನಾವಣೆ ಮುಗಿದು ಶಾಲೆ ಶುರುವಾದ ವಾರ ಪಾಲಕರ ಸಭೆ ಇತ್ತು. ಐದನೆಯ ತರಗತಿಯ ಒಬ್ಬ ಹುಡುಗಿಯ ತಾಯಿ ಎದ್ದು ನಿಂತಳು. ಆಕೆ ಕಾಲುವೆಯ ಆಚೆ, ಹೊಲದಲ್ಲೇ ಮನೆ ಕಟ್ಟಿಕೊಂಡ ವಸ್ತಿಯವಳು. ಕಾಲುವೆ ದಾಟಲು ಮಕ್ಕಳಿಗೆ ದಾರಿಯಿಲ್ಲ, ಸರ್ಕಾರ ನೀರು ಬಿಡುತ್ತದೆ, ದಾರಿ ಮಾಡುವುದಿಲ್ಲ, ಹೀಗೆ ಇನ್ನೂ ಏನೋ ಹೇಳುವವಳಿದ್ದಳು. ನಾನು ಅಭ್ಯಾಸ ಬಲದಿಂದ ನಡುವೆಯೇ ಬಾಯಿ ಹಾಕಿದೆ.

"ಬೆರಳ ತೋರಸ ಯವ್ವಾ ಮೊದಲ. ಓಟ್ ಹಾಕೀಯೇನು?"

"ಇಲ್ರಿ ಅಕ್ಕೋರ."

"ಹಂಗಾದ್ರ ಯಾ ಬಾಯಿಲೆ ಸರ್ಕಾರಕ್ಕ ಬೈತೀ?"

ಎಲ್ಲರೂ ನಕ್ಕರು. ಆಕೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಕೂತಳು. ಮತ್ತೆ ಆ ವರ್ಷ ಯಾವ ಸಭೆಗೂ ಬರಲಿಲ್ಲ. ಯಾಕೆ ಹಾಕಲಿಲ್ಲ ಎಂದು ನಾನು ಕೇಳಲೇ ಇಲ್ಲ, ಕೇಳಬೇಕೆಂದು ಹೊಳೆಯಲೂ ಇಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಹುಡುಗಿ ಶಾಲೆ ತಪ್ಪಿಸತೊಡಗಿದಳು. ಒಂದು ವಾರ ಬರುವಳು, ಎರಡು ವಾರ ಇಲ್ಲ. ಲೆಕ್ಕದಲ್ಲಿ ಜಾಣೆ, ಕೈಯೆತ್ತುವುದರಲ್ಲಿ ಎಲ್ಲರಿಗಿಂತ ಮುಂದೆ. ಚಳಿ ಬಿದ್ದ ಮೇಲೆ ಒಂದು ಶನಿವಾರ ಅವಳ ಮನೆ ಕಂಡುಬರೋಣವೆಂದು ಹೊರಟೆ. ಅಲ್ಲಿಯವರೆಗೆ ನಾನು ಆ ಕಾಲುವೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೆ, ಅಷ್ಟೇ.

ಆಲಮಟ್ಟಿಯಿಂದ ಬರುವ ನೀರು ದಂಡೆ ತುಂಬಾ ಹರಿಯುತ್ತಿತ್ತು. ಆಚೆ ದಡದಲ್ಲಿ ಅವರ ಮನೆ, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಸೇತುವೆ ಇದ್ದದ್ದು ಕಾಲುವೆಯುದ್ದಕ್ಕೂ ಬಹಳ ದೂರ ನಡೆದ ಮೇಲೆ, ದೊಡ್ಡ ರಸ್ತೆಯ ಹತ್ತಿರ. ಇಲ್ಲಿ ವಸ್ತಿಯವರು ಎರಡು ಹಳೆಯ ಕರೆಂಟ್ ಕಂಬಗಳನ್ನು ಅಡ್ಡ ಮಲಗಿಸಿಕೊಂಡಿದ್ದರು. ಹಿಡಿಯಲು ಏನೂ ಇಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ನಾಲ್ಕು ಹೆಜ್ಜೆ ಇಟ್ಟೆ, ಕೆಳಗೆ ನೀರು ಓಡುವುದನ್ನು ನೋಡಿದೆ. ಹಾಗೇ ಹಿಂದಕ್ಕೆ ಸರಿದು ದಂಡೆಯ ಮೇಲೆ ಕೂತೆ. ಆ ತಾಯಿ ನನ್ನನ್ನು ಕಂಡು ತಾನೇ ಕಂಬ ದಾಟಿ ಈಚೆ ಬಂದಳು. ಸೌಜನ್ಯಕ್ಕೂ ನಗಲಿಲ್ಲ.

"ಹುಡುಗಿ ಹೋದ ಸಲ ಇಲ್ಲೇ ಜಾರಿದ್ಲರಿ. ಪಾಟೀಚೀಲ ನೀರಾಗ ಹೋತು, ಆಕೀನ್ನ ಹಿಡಕೊಂಡೆ" ಅಂದಳು. "ನೀರ ಬಂದಾಗ ಕಳಸಂಗಿಲ್ರಿ ನಾ."

ಆಮೇಲೆ ನಾನು ಕೇಳದಿದ್ದರೂ ಓಟಿನ ದಿನದ ಮಾತನ್ನು ತಾನೇ ತೆಗೆದಳು. ಬೇಸಿಗೆಯಲ್ಲಿ ಕಾಲುವೆ ಒಣಗಿರುತ್ತದೆ, ಇಳಿದು ಹತ್ತಿ ಬರಬಹುದು. ಆದರೆ ಆ ವಾರ ಕೆರೆ ತುಂಬಿಸಲು ನೀರು ಬಿಟ್ಟಿದ್ದರು. ಮೊಣಕಾಲು ಹಿಡಿದುಕೊಂಡಿದ್ದ ಅತ್ತೆಯನ್ನು ಕರೆದುಕೊಂಡು ಈಕೆ ಹೊಸ ಸೀರೆ ಉಟ್ಟು ಹೊರಟಿದ್ದಳು. ಕಂಬದ ಮೇಲೆ ಅತ್ತೆಗೆ ಆಗಲಿಲ್ಲ. ಬಿಸಿಲಲ್ಲಿ ಸೇತುವೆಯ ದಾರಿ ಹಿಡಿದರು, ಅರ್ಧದಲ್ಲಿ ಮುದುಕಿ ಕುಸಿದು ಕೂತಳು.

"ಅತ್ತೀನ್ನ ಬಿಸಲಾಗ ಬಿಟ್ಟು ನಾ ಒಬ್ಬಾಕಿ ಹೆಂಗ ಹೋಗಲ್ರಿ? ತಿರುಗಿ ಬಂದ್ವಿ. ಅದನ್ನ ಅವತ್ತು ನಿಮಗ ಹೇಳಬೇಕಂದ್ರ ನೀವು ಬಿಡಲಿಲ್ಲ."

ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಆದರೂ ಊರಿಗೆ ಬಂದು ನನ್ನ ಕಾನೂನು ತಪ್ಪು ಎಂದು ಹೇಳುವ ಧೈರ್ಯ ಬರಲಿಲ್ಲ. ಚಾದಂಗಡಿಯಲ್ಲಿ ಅದು ತನ್ನಷ್ಟಕ್ಕೆ ನಡೆಯುತ್ತಲೇ ಇತ್ತು.

ಮುಂದಿನ ಬೇಸಿಗೆಗೆ ಲೋಕಸಭೆ ಚುನಾವಣೆ ಬಂತು. ಇಲ್ಲಿ ನನ್ನ ತವರಿನ ವಿಷಯ ಹೇಳಬೇಕು. ತವರು ಮುದ್ದೇಬಿಹಾಳದ ಕಡೆಯ ಹಳ್ಳಿ. ನಾವು ಮೂವರು ಹೆಣ್ಣುಮಕ್ಕಳು, ಮೂವರ ಮದುವೆಯಾಗಿ ವರ್ಷಗಳಾದವು, ಆದರೆ ಮೂವರ ಹೆಸರೂ ತವರಿನ ಮತದಾರರ ಪಟ್ಟಿಯಲ್ಲೇ ಇತ್ತು. ತೆಗೆಸೋಣವೆಂದರೆ ಅಪ್ಪ ಕೆಂಡವಾಗುತ್ತಿದ್ದರು. "ಸತ್ತವರ ಹೆಸರ ತಗಸ್ತಾರ. ನನ್ನ ಮಕ್ಕಳೇನು ಸತ್ತಾರೇನು?" ಆ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೆಯೇ. ಓಟಿನ ದಿನ ಹೆಣ್ಣುಮಕ್ಕಳು ಬರುತ್ತಾರೆ, ಅವ್ವ ಹೋಳಿಗೆ ಮಾಡುತ್ತಾಳೆ, ಅಪ್ಪ ಮಕ್ಕಳನ್ನೆಲ್ಲ ಮುಂದೆ ಮಾಡಿಕೊಂಡು ಊರ ನಡುವೆ ಮತಗಟ್ಟೆಗೆ ಹೋಗುತ್ತಾರೆ. ನೌಕರಿ ಸಿಕ್ಕ ಮೇಲೆ ನನಗೆ ಆ ಭಾಗ್ಯ ತಪ್ಪಿತು, ಡ್ಯೂಟಿಯವರಿಗೆ ಅಂಚೆಯ ಮತ. ಆದರೆ ಅರ್ಜಿಯಲ್ಲಿ ಬರೆಯಬೇಕಾದದ್ದು ತವರಿನ ವಿವರವೇ.

ಆ ಸಲ ಅವಸರದಲ್ಲಿ ಕ್ಷೇತ್ರದ ಜಾಗದಲ್ಲಿ ಸಿಂದಗಿ ಎಂದು ಬರೆದು, ಕ್ರಮಸಂಖ್ಯೆ ತವರಿನದು ತುಂಬಿ ಕೊಟ್ಟುಬಿಟ್ಟೆ. ಅರ್ಜಿ ತಿರುಗಿ ಬಂತು. ತಿದ್ದಿ ಕೊಡಲು ಇನ್ನೂ ಎರಡು ದಿನ ಇತ್ತು. ನಾನು ಅದನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ತರಬೇತಿ, ಬಟ್ಟೆಬರೆ, ಮನೆಯವರ ಊಟದ ಏರ್ಪಾಡು ಅಂತ ಓಡಾಡಿದೆ. ಇಂಡಿ ತಾಲೂಕಿನ ಮತಗಟ್ಟೆಯಲ್ಲಿ ದಿನವಿಡೀ ಶಾಯಿ ಹಚ್ಚಿ, ಸಂಜೆ ಕರವಸ್ತ್ರಕ್ಕೆ ಕೈಹಾಕಿದಾಗ ಆ ಅರ್ಜಿ ಕೈಗೆ ಬಂತು. ಸಾವಿರ ಮಂದಿಯ ಬೆರಳು ಹಿಡಿದವಳು ಓಟು ಹಾಕಿರಲಿಲ್ಲ. ಯಾರಿಗೂ ಗೊತ್ತಾಗುವಂತೆಯೂ ಇರಲಿಲ್ಲ, ಅಂಚೆಯ ಮತಕ್ಕೆ ಶಾಯಿ ಹಚ್ಚುವುದಿಲ್ಲ. ಗಂಡನಿಗೂ ಹೇಳಲಿಲ್ಲ. ಹೇಳಿದ್ದರೆ ಈ ಸಲ ತಮ್ಮ ಓಟು ಉಳಿಯಿತು ಎಂದು ಆಡಿಕೊಂಡು ನಗುತ್ತಿದ್ದರು.

ಹುಡುಗಿ ಆರನೆಯ ತರಗತಿಗೆ ಬಂದಿದ್ದಳು. ಕಾಲುವೆಗೆ ನೀರು ಬಿಡುವ ದಿನ ಹತ್ತಿರವಾದಂತೆ ಅವಳ ಶಾಲೆ ಬಿಡಿಸುವ ಮಾತು ಮನೆಯಲ್ಲಿ ನಡೆದಿದೆ ಎಂದು ಗೊತ್ತಾಯಿತು. ಈ ಸಲ ನಾನೇ ಆ ತಾಯಿಯನ್ನು ಹುಡುಕಿಕೊಂಡು ಹೋದೆ, ಗ್ರಾಮಸಭೆಗೆ ಬಂದು ಸೇತುವೆ ಕೇಳು ಎಂದು ಬೇಡಿಕೊಂಡೆ. "ಮತ್ತ ಬೆರಳ ಕೇಳ್ತಾರ್ರಿ" ಅಂದಳು. ಲೋಕಸಭೆಯ ಓಟಿನ ಹೊತ್ತಿಗೂ ನೀರಿತ್ತು, ಆ ಸಲವೂ ಅತ್ತೆಗೆ ದಾಟಲು ಆಗದೆ ಇಬ್ಬರೂ ಉಳಿದಿದ್ದರು. "ಕೇಳಲಿ, ನಾ ಅದೇನಿ" ಅಂದೆ. ನಮ್ಮ ಮುಖ್ಯಗುರುಗಳು ಮಾತ್ರ ಕರೆದು ಎಚ್ಚರಿಸಿದರು, "ನಾವು ಸರ್ಕಾರಿ ನೌಕರರು, ಹುಷಾರ್‌ಲೆ ಇರ್ರಿ." ಹೋದ ವರ್ಷದ ಹಾಜರಿ ಪುಸ್ತಕ ತೋರಿಸಲು ಹೋಗುತ್ತಿದ್ದೇನೆ ಎಂದು ಹೇಳಿ ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದೆ.

ಪಂಚಾಯ್ತಿ ಕಟ್ಟಡದ ಮುಂದೆ ಶಾಮಿಯಾನ ಹಾಕಿದ್ದರು. ಆಕೆ ಎದ್ದು ಸೇತುವೆಯ ಮಾತೆತ್ತುವಷ್ಟರಲ್ಲಿ ಆ ಭಾಗದ ಪಂಚಾಯ್ತಿ ಸದಸ್ಯರು ನಕ್ಕರು. ಅವರು ಕೆಟ್ಟವರಲ್ಲ. ಯಾರಿಗಾದರೂ ಜಡ್ಡಾದರೆ ತಮ್ಮ ಗಾಡಿಯಲ್ಲೇ ಸಿಂದಗಿ ಆಸ್ಪತ್ರೆಗೆ ಒಯ್ಯುವ ಮನುಷ್ಯ.

"ವಸ್ತಿ ಹೆಣ್ಮಕ್ಕಳು ಓಟಿಗೆ ಬರಂಗಿಲ್ಲ, ಪೂಲ್ ಕೇಳಾಕ ಬರ್ತಾರ" ಅಂದರು. "ನಮ್ಮ ಅಕ್ಕೋರ ಕಾನೂನು ಎಲ್ಲಾರಿಗೂ ಗೊತ್ತೈತಲ್ಲ. ಬೆರಳ ತೋರಸವಾ ಮೊದಲ."

ಜನ ನಕ್ಕರು. ಆಕೆಯ ಕೈಗಳು ಮತ್ತೆ ಸೆರಗಿನೊಳಗೆ ಹೋದವು. ನನ್ನ ಮಾತು ನನ್ನ ಎದುರಿಗೇ ಬಂದು ನಿಂತಿತ್ತು. ನಾನು ಎದ್ದು ಎಡಗೈ ಮೇಲೆತ್ತಿದೆ.

"ಆ ಕಾನೂನು ನಂದು ಸದಸ್ಯರ. ನಾ ಮಾಡಿದ್ದು, ಇವತ್ತ ನಾನ ಮುರೀತೇನಿ. ನನ್ನ ಬೆರಳ ನೋಡ್ರಿ."

"ನಿಮ್ದು ಪೋಸ್ಟಿನ ಓಟ್ರಿ ಅಕ್ಕೋರ, ಅದಕ್ಕ ಶಾಯಿ ಇರಂಗಿಲ್ಲ. ಕೂಡ್ರಿ" ಅಂದರು ಅವರು, ಗೌರವದಿಂದಲೇ.

ಕೂತುಬಿಡಬಹುದಿತ್ತು. ತಪ್ಪಿಸಿಕೊಳ್ಳುವ ದಾರಿಯನ್ನು ಅವರೇ ತೆರೆದುಕೊಟ್ಟಿದ್ದರು. ಕೂರದೆ ಹೇಳಿದೆ.

"ಇಲ್ರಿ. ನಾ ಓಟ್ ಹಾಕಿಲ್ಲ. ಫಾರ್ಮ್ ತಪ್ಪಿತ್ತು, ತಿದ್ದಾಕ ಎರಡು ದಿನ ಇತ್ತು, ತಿದ್ದಲಿಲ್ಲ. ನನಗ ಯಾ ಕಾಲುವೀನೂ ಅಡ್ಡ ಬಂದಿರಲಿಲ್ಲ. ಈಕಿಗೆ ಬಂದಿತ್ತು. ಯಾ ಪೂಲ್ ಇಲ್ಲಂತ ಈಕಿ ಓಟಿಗೆ ಬರಾಕ ಆಗಲಿಲ್ಲೋ, ಅದ ಪೂಲ್ ಕೇಳಾಕ ಬಂದಾಳ. ಈಕಿ ಕೇಳಬಾರದು ಅಂದ್ರ ಮತ್ಯಾರ ಕೇಳಬೇಕು? ನನ್ನ ಕೂಡಸ್ರಿ ಬೇಕಾದ್ರ. ಈಕೀನ್ನ ಕೂಡಸಬ್ಯಾಡ್ರಿ."

ಯಾರೂ ನಗಲಿಲ್ಲ. ನಾನು ಹಾಜರಿ ಪುಸ್ತಕ ಬಿಚ್ಚಿ ಹುಡುಗಿ ಬಾರದ ದಿನಗಳನ್ನು ಓದಿದೆ, ಕಾಲುವೆಗೆ ನೀರು ಬಿಟ್ಟ ದಿನಗಳೂ ಅವೇ ಆಗಿದ್ದವು. ನಾನು ಓದಿ ಮುಗಿಸುವಷ್ಟರಲ್ಲಿ ಆಕೆ ತಾನೇ ಮಾತಿಗಿಳಿದಳು.

"ಓಟ್ ಹಾಕಿಲ್ಲ ಖರೇ. ಆದ್ರ ಕಾಲುವಿ ಕಡದಾಗ ನಮ್ಮ ಹೊಲಾನೂ ಕಡದಾರ. ಅವತ್ತ ಯಾರೂ ಬೆರಳ ನೋಡಲಿಲ್ಲ. ನನ್ನ ಮಗಳು ಸಾಲಿ ಕಲೀಬೇಕ್ರಿ, ಅಷ್ಟ. ಕಂಬದ ಮ್ಯಾಲೆ ಆಕೀನ್ನ ನಡಸಾಕ ನನಗ ಇನ್ನ ಧೈರ್ಯಿಲ್ಲ."

ಸದಸ್ಯರು ಹಾಜರಿ ಪುಸ್ತಕ ತರಿಸಿಕೊಂಡು ನೋಡಿದರು. ಆಮೇಲೆ "ಠರಾವು ಬರಕೋರಿ" ಎಂದು ಸೇತುವೆಯ ನಿರ್ಣಯ ಬರೆದುಕೊಳ್ಳಲು ಕಾರ್ಯದರ್ಶಿಗೆ ಹೇಳಿದರು. ಹದಿನೈದು ದಿನದೊಳಗೆ ತಾವೇ ನಿಂತು ಇನ್ನೆರಡು ಕಂಬ ಹಾಕಿಸಿ, ಎರಡೂ ಬದಿಗೆ ಹಿಡಿದು ನಡೆಯಲು ಪೈಪಿನ ಕಟಾಂಜನ ಮಾಡಿಸಿದರು. ಸೇತುವೆ ಇನ್ನೂ ಕಾಗದದಲ್ಲೇ ಇದೆ. ಪ್ರತಿ ಗ್ರಾಮಸಭೆಗೂ ನಾವಿಬ್ಬರೂ ಹೋಗಿ ಅದು ಎಲ್ಲಿಗೆ ಬಂತೆಂದು ಕೇಳುತ್ತೇವೆ, ಆಗುವವರೆಗೂ ಕೇಳುವವರೇ. ನನ್ನ ಹೆಸರನ್ನು ಸಿಂದಗಿಯ ಪಟ್ಟಿಗೆ ಹಾಕಿಸಿದೆ. ಅಪ್ಪ ಒಂದು ತಿಂಗಳು ಫೋನಿನಲ್ಲಿ ಮಾತಾಡಲಿಲ್ಲ. ಓಟು ಹಾಕಲೇಬೇಕೆಂದು ನಾನು ಈಗಲೂ ಮಕ್ಕಳಿಗೆ ಹೇಳುತ್ತೇನೆ, ಮೊದಲಿಗಿಂತ ಗಟ್ಟಿಯಾಗಿ ಹೇಳುತ್ತೇನೆ. ಆದರೆ ಬೆರಳು ನೋಡಿ ಬಾಯಿ ಮುಚ್ಚಿಸುವುದನ್ನು ಬಿಟ್ಟಿದ್ದೇನೆ, ನನ್ನ ಮುಂದೆ ಯಾರಾದರೂ ಮಾಡಿದರೆ ಜಗಳಕ್ಕೇ ಬೀಳುತ್ತೇನೆ.

ಹುಡುಗಿ ಈಗ ಏಳನೆಯ ತರಗತಿ, ಒಂದು ದಿನವೂ ತಪ್ಪಿಸುವುದಿಲ್ಲ. ಮೊನ್ನೆ ಪಾಲಕರ ಸಭೆಯಲ್ಲಿ ಅವಳ ತಾಯಿ ಎದ್ದು ನಿಂತಳು. ಸೇತುವೆಯ ಮಾತಿರಬೇಕೆಂದು ನಾನು ತಲೆಯಾಡಿಸಲು ತಯಾರಾಗಿದ್ದೆ.

"ಅಕ್ಕೋರ, ಹೋದ ತಿಂಗಳ ನೀವು ಗಣಿತದ ಪಾಠ ಎಷ್ಟು ಸಲ ಬಿಟ್ಟೀರಿ? ನಮ್ಮ ಹುಡುಗಿ ಕಾಲುವಿ ದಾಟಿ ಬರ್ತಾಳ, ನೀವು ಬಾಜೂ ಕೋಣ್ಯಾಗ ಕಾಗದ ಬರಕೋತ ಕೂತಿರ್ತೀರಿ."

ಮುಖ್ಯಗುರುಗಳು ಸಿಡಿಮಿಡಿಗೊಂಡು ಏನೋ ಹೇಳಹೊರಟರು, ನಾನು ತಡೆದೆ. ಸಮೀಕ್ಷೆಯ ಕಾಗದಗಳು ಮೇಲಿನಿಂದ ಬಂದಿದ್ದವು, ಬರೆಯಲೇಬೇಕಿತ್ತು, ಆದರೆ ಪಾಠ ಬಿಟ್ಟದ್ದು ನಿಜ. ಆ ತಾಯಿಗೆ ದಿನಾ ಕಣ್ಣಿಗೆ ಬೀಳುವ ಸರ್ಕಾರವೆಂದರೆ ನಾನೇ ಎಂಬುದು ನನಗೆ ಅದುವರೆಗೆ ತಿಳಿದೇ ಇರಲಿಲ್ಲ. ಮೈ ಉರಿಯಿತು, ಅದನ್ನು ಮುಚ್ಚಿಡುವುದಿಲ್ಲ. ಆಕೆಯ ಎರಡೂ ಕೈಗಳು ಸೆರಗಿನ ಹೊರಗಿದ್ದವು.

"ತಪ್ಪಾಗೇತಿ. ಇವತ್ತಿಂದ ಬಿಡಂಗಿಲ್ಲ" ಅಂದೆ.

ಸಭೆ ಮುಗಿದು ಎಲ್ಲರೂ ಚಾ ಕುಡಿದು ಹೋದರು. ಆಕೆ ಹೋಗಲಿಲ್ಲ. ನಾನು ಚಾಕ್‌ಪೀಸ್ ತೆಗೆದುಕೊಂಡು ಏಳನೆಯ ತರಗತಿಗೆ ಹೋಗಿ ಮೊದಲ ಲೆಕ್ಕ ಬರೆಯುವವರೆಗೂ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.