ಸಿಸ್ಟರವ್ವನ ತಂಗಿ

ಚಹಾದ ಲೋಟ ಕೈಯಿಂದ ಜಾರಿತು. ಸಿಸ್ಟರವ್ವ ಅದನ್ನು ಸುಮ್ಮನೆ ನೋಡುತ್ತ ನಿಂತರು. ಬಾಯಿ ಎಡಕ್ಕೆ ಎಳೆದುಕೊಂಡಿತ್ತು.

ಸ್ಟ್ರೋಕ್ ಅಂದರು ಡಾಕ್ಟರು.

ಬಲಗೈ, ಬಲಗಾಲು ಹೋದವು. ಇಂಗ್ಲಿಷ್ ಹೋಯಿತು. ಇಷ್ಟು ವರ್ಷ ನಮ್ಮ ಜೊತೆ ಆಡಿದ ಕನ್ನಡವೂ ಹೋಯಿತು.

"ನೀನು ಇವರಿಗೆ ಏನಾಗಬೇಕಮ್ಮ?" ಡಾಕ್ಟರು ಕೇಳಿದರು. ಹೊಸಬರು.

"ಏನೂ ಇಲ್ರಿ. ಆಯಾ ಅದೀನಿ."

ಬಳ್ಳಾರಿ ಕಂಟೋನ್ಮೆಂಟಿನ ಆ ಸಣ್ಣ ಆಸ್ಪತ್ರೆಗೆ ಅವರು ಐರ್ಲೆಂಡಿನಿಂದ ನರ್ಸಾಗಿ ಬಂದ ನನ್, ನಾನು ಕುರುಗೋಡಿನಿಂದ ನೆಲ ಒರೆಸಲು ಬಂದವಳು. ರಜೆ ಸಿಕ್ಕರೆ ನನ್ನ ಜೊತೆ ಊರಿಗೆ ಬರೋರು. ನಮ್ಮಜ್ಜಿ ಅವರನ್ನು ಕಟ್ಟೆ ಮೇಲೆ ಕೂಡಿಸಿಕೊಂಡು, ಅವರ ಮನೆಮಾತಾದ ಐರಿಶಿನಲ್ಲಿ ಯಾರಿಗೆ ಏನಂತಾರೆ ಎಂದು ವಿಚಾರಿಸೋಳು.

"ಅವ್ವಗ?"

"ಮಾಹಿರ್."

"ಅಜ್ಜಿಗೆ?"

"ಮಮೋ."

"ಅಪ್ಪನ ಅಕ್ಕಗ?"

"ಆಂಟೀನ್."

"ಅವ್ವನ ತಂಗಿಗೆ?"

"ಅಕಿಗೂ ಆಂಟೀನ್."

"ಅಯ್ಯ ಶಿವನ! ಸೋದರತ್ತಿಗೂ ಚಿಗವ್ವಗೂ ಒಂದಾ? ಜಗಳಾದಾಗ ಯಾರಿಗಿ ಬೈದ್ರಂತ ಹೆಂಗ ಗೊತ್ತಾಗಬೇಕು?"

ಸಿಸ್ಟರವ್ವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಿದ್ದರು. ಅಕ್ಕನಿಗೂ ತಂಗಿಗೂ ದೆರ್‌ಫೂರ್ ಅಂತಾರೆಂದು ನಾನು ಅವತ್ತೇ ಕಲಿತದ್ದು.

ಈಗ ಅವರ ಬಾಯಲ್ಲಿ ಉಳಿದದ್ದು ಅವೇ ಮಾತು. ಮೂರನೆಯ ದಿನ ಬೆಳಿಗ್ಗೆ ಗಂಜಿ ಕುಡಿಸುವಾಗ ಸುತ್ತ ಹುಡುಕುತ್ತ "ದೆರ್‌ಫೂರ್" ಅಂದರು. ಮತ್ತೆ ಮತ್ತೆ ಅಂದರು. ವಾರ್ಡಿನಲ್ಲಿ ಯಾರಿಗೂ ತಿಳಿಯಲಿಲ್ಲ. ನನಗೆ ತಿಳಿಯಿತು ಅಂತ ನನಗೆ ಎಷ್ಟು ಹಿಗ್ಗು! ಸಿರುಗುಪ್ಪದ ಬಸ್ಸಿನಲ್ಲಿ ಸರಿದು ಸೀಟು ಕೊಟ್ಟವಳನ್ನೂ ಅಕ್ಕಾ ಅನ್ನೋ ಮಂದಿ ನಾವು. ಅವರ ಎಡಗೈ ಹಿಡಿದು, ಎದೆಗೆ ಒತ್ತಿಕೊಂಡು, "ದೆರ್‌ಫೂರ್ ನಾನಽ ರಿ, ಇಲ್ಲೇ ಅದೀನಿ" ಅಂದೆ.

ಕೈ ಕಿತ್ತುಕೊಂಡರು.

ಗೋಡೆ ಕಡೆ ಮುಖ ಮಾಡಿದವರು ಮತ್ತೆ ತಿರುಗಲಿಲ್ಲ. ಅವತ್ತು ಒಂದು ಚಮಚವೂ ಇಳಿಯಲಿಲ್ಲ. ಮರುದಿನವೂ ಇಲ್ಲ. "ನಾಳೆ ಟ್ಯೂಬ್ ಹಾಕೋಣ, ಆದರೆ ಈ ವಯಸ್ಸಿಗೆ..." ಎಂದು ಡಾಕ್ಟರು ಮಾತು ನಿಲ್ಲಿಸಿದರು.

ಅವರ ಕಾನ್ವೆಂಟಿನ ಹಿರಿಯ ಮದರ್ ನನ್ನನ್ನು ವರಾಂಡಕ್ಕೆ ಕರೆದರು. ಸಿಸ್ಟರವ್ವನಿಗೆ ಒಬ್ಬಳೇ ತಂಗಿ ಇದ್ದಳಂತೆ. ಇವರು ಹಡಗು ಹತ್ತಿದ ವರ್ಷವೇ ತೀರಿಕೊಂಡಳು. ಮಣ್ಣಿಗೂ ಹೋಗಲಾಗಲಿಲ್ಲ. "ದೆರ್‌ಫೂರ್ ಅನ್ನೋ ಮಾತನ್ನ ಐರಿಶಿನಲ್ಲಿ ಒಡಹುಟ್ಟಿದವಳಿಗೆ ಬಿಟ್ಟು ಯಾರಿಗೂ ಅನ್ನೋದಿಲ್ಲ ಮಗಳೇ. ನಮ್ಮ ನನ್‌ಗಳಿಗೂ ಅನ್ನೋದಿಲ್ಲ."

ಪ್ರೀತಿಯಿಂದಲೇ ಹೋಗಿ ಸತ್ತವಳ ಜಾಗದಲ್ಲಿ ಕೂತುಬಿಟ್ಟಿದ್ದೆ. ನಮ್ಮಲ್ಲಿ ನೆಂಟಸ್ತಿಕೆ ಹಂಚಿದಷ್ಟೂ ಬೆಳೆಯುತ್ತದೆ ಅಂದುಕೊಂಡವಳು ನಾನು. ಅವರು ಒಂದೇ ಒಂದನ್ನು ಯಾರಿಗೂ ಹಂಚದೆ ಇಷ್ಟು ವರ್ಷ ಇಟ್ಟುಕೊಂಡಿದ್ದರು.

ಸಂಜೆ ಗಂಜಿ ಬಿಸಿಮಾಡಿ ಒಯ್ದೆ. ಅವರ ಕೈ ಮುಟ್ಟಲಿಲ್ಲ. ಸ್ವಲ್ಪ ದೂರವೇ ಕೂತೆ.

"ಸಿಸ್ಟರವ್ವಾ, ತಪ್ಪಾತ್ರಿ. ನಾನು ಕುರುಗೋಡಿನ ಗೌರಿ. ಒಂದೀಟು ಗಂಜಿ ಕುಡೀರಿ."

ಆಮೇಲೆ ಮುಖ ನಿಧಾನಕ್ಕೆ ತಿರುಗಿತು. ಬಾಯಿ ತೆರೆದರು. ನಾಲ್ಕು ಚಮಚ ಇಳಿಯಿತು. ಐದನೆಯದು ಗಲ್ಲದ ಮೇಲೆ ಹರಿಯಿತು, ಒರೆಸಿದೆ. ಬೇಡ ಅನ್ನಲಿಲ್ಲ.

ಟ್ಯೂಬ್ ಬೇಕಾಗಲಿಲ್ಲ. ಇನ್ನೂ ಒಂದು ವಾರ ನನ್ನ ಕೈಯಿಂದಲೇ ಉಂಡರು. ಅಷ್ಟು ಸಿಕ್ಕಿತು ನನಗೆ.

ಕೊನೆಯ ದಿನ ಮುಂಜಾನೆ ಉಸಿರು ಬೇರೆ ಥರ ಆಯಿತು. ಸಿಸ್ಟರವ್ವ ಬಾಗಿಲ ಕಡೆ ನೋಡಿ, ಸ್ಪಷ್ಟವಾಗಿ, "ದೆರ್‌ಫೂರ್" ಅಂದರು.

ನಾನು ಬಾಗಿಲಿಗೆ ಅಡ್ಡ ಕೂತಿದ್ದೆ. ಎದ್ದು, ಸ್ಟೂಲು ಪಕ್ಕಕ್ಕೆ ಸರಿಸಿ, ದಾರಿ ಬಿಟ್ಟೆ.