ಹೊಲಿಗೆಯವರಿಗೆ ಕುರ್ಚಿ ಬಿಟ್ಟುಕೊಟ್ಟ ಜಗೋರ್ಕಾ

ಕೇಳಿದ ಮಾತಿಗೆ ತನ್ನದನ್ನು ಬೆರೆಸದವಳು, ಓದಿದೆನೆಂದು ಬೀಗದವಳು, ತಪ್ಪು ತನ್ನದಾದರೆ ತಾನೇ ಮೊದಲು ನುಡಿಯುವವಳು, ದೇವರಿಗೆ ಅಂಜಿ ಧಣಿಗಳಿಗೆ ಅಂಜದವಳು. ಇಂಥವಳು ಶ್ಟಿಪ್ ಪಟ್ಟಣದ ಸಂಶೋಧಕಿ ಜಗೋರ್ಕಾ.

ಆ ಊರಲ್ಲಿ ಹೊಲಿದ ಅಂಗಿಗಳು ಜರ್ಮನಿಯ ಅಂಗಡಿಗಳಲ್ಲಿ ತೂಗುತ್ತವೆ. ಹೊಲಿಯುವವರ ಹಕ್ಕಿಗೆ ಮಾರುವವರೂ ಹೊಣೆಯಾಗಬೇಕೆಂಬ ನಿಯಮವನ್ನು ರೂಪಿಸಲು ಬ್ರಸೆಲ್ಸಿನಲ್ಲಿ ಸಮಿತಿಯೊಂದು ಕುಳಿತಿತ್ತು. ಅದರೆದುರು ಮಾತಾಡಲು ಜಗೋರ್ಕಾಳಿಗೆ ಹತ್ತು ನಿಮಿಷ ದೊರೆತಿತ್ತು. ಹೊಲಿಯುವ ಹೆಂಗಸರ ಪರವಾಗಿ ದನಿಯೆತ್ತುವವರು ಯಾರು ಎಂಬುದೇ ಅವಳ ಅಧ್ಯಯನ. ಕಾರ್ಖಾನೆಯೊಂದಕ್ಕೆ ಹೋಗಿ ನಲವತ್ತು ಮಂದಿಯನ್ನು ವಿಚಾರಿಸಿದಳು. ನಮಗೊಬ್ಬಳು ಪ್ರತಿನಿಧಿ ಇದ್ದಾಳೆ, ಯಾವ ಕುಂದೂ ಇಲ್ಲ ಎಂದರು ಎಲ್ಲರೂ. ಸಮಿತಿಯೆದುರು ಓದಲೆಂದು ಹಾಗೆಯೇ ಬರೆದಳು.

ಸೆಪ್ಟೆಂಬರ್ ಬಂತು. ಚಳಿಗಾಲದ ಐವಾರ್ ಚಟ್ನಿಗೆಂದು ಅಂಗಳ ಅಂಗಳದಲ್ಲೂ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದರು. ಅದೇ ಕಾರ್ಖಾನೆಯಲ್ಲಿ ಹೊಲಿಯುವ ನೆರೆಮನೆಯ ಸ್ತಾಮೆನಾಳಿಗೆ ಸುಟ್ಟ ಕಾಯಿಗಳ ಸಿಪ್ಪೆ ಸುಲಿದುಕೊಡುತ್ತ ಜಗೋರ್ಕಾ ತಾನು ಬರೆದದ್ದನ್ನು ಹೇಳಿದಳು.

“ಮ್ಯಾನೇಜರ್ ನಿನ್ನ ಪಕ್ಕದಲ್ಲೇ ನಿಂತಿದ್ದ. ಇನ್ನೇನು ಹೇಳ್ಬೇಕಿತ್ತು ಮಗಳೇ?” ಎಂದು ಸ್ತಾಮೆನಾ ನಕ್ಕಳು. “ಆ ಪ್ರತಿನಿಧಿ ಅವನ ನಾದಿನಿ. ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಅವಳಿಗೆ.”

“ನಂಗ್ಯಾಕೆ ಹೇಳ್ಲಿಲ್ಲ, ಸ್ತಾಮೆನಕ್ಕಾ?”

“ಇಷ್ಟು ಓದಿದವಳಿಗೆ ಅದನ್ನೂ ನಾವು ಹೇಳ್ಕೊಡ್ಬೇಕಾ? ಸಿಪ್ಪೆ ಮಾತ್ರ ಚೆನ್ನಾಗಿ ಸುಲೀತೀಯ ಬಿಡು.”

ಜಗೋರ್ಕಾಳ ಕೈ ನಿಂತಿತು. ಆ ಬರಹ ಸಮಿತಿಯನ್ನು ಮುಟ್ಟಿದರೆ ಸುಳ್ಳಿಗೆ ವಿದ್ಯೆಯ ಮುದ್ರೆ ಬಿದ್ದಂತೆ. ಇವರ ಬಾಯಿಗೆ ಬೀಗ ಹಾಕಿದವಳು ತಾನೇ ಆಗುವಳು. ಮೂರು ವಾರ ಅದೇ ಹೆಂಗಸರ ಅಂಗಳದಿಂದ ಅಂಗಳಕ್ಕೆ ಸಿಪ್ಪೆ ಸುಲಿಯಲು ಹೋದಳು. ಮಸಿ ಮೆತ್ತಿದ ಬೆರಳುಗಳ ನಡುವೆ ಮಾತು ತಾನಾಗಿ ಬಂತು. ಕೊನೆಯ ಭಾನುವಾರ ಪ್ರಾರ್ಥನೆ ಮುಗಿಸಿ ಬಂದ ಹೆಂಗಸರು ಮತಚೀಟಿ ಹಾಕಿ ಸ್ತಾಮೆನಾಳನ್ನು ತಮ್ಮ ಪ್ರತಿನಿಧಿಯಾಗಿ ಆರಿಸಿದರು.

ಬ್ರಸೆಲ್ಸಿನಲ್ಲಿ ಜಗೋರ್ಕಾ ತನ್ನ ಮೊದಲ ಬರಹ ಏಕೆ ತಪ್ಪಾಗಿತ್ತೆಂಬುದನ್ನು ಎರಡೇ ನಿಮಿಷದಲ್ಲಿ ಹೇಳಿ, “ಉಳಿದ ಎಂಟು ನಿಮಿಷ ಇವರದು” ಎಂದು ಜೊತೆಗೆ ಕರೆತಂದಿದ್ದ ಸ್ತಾಮೆನಾಳನ್ನು ತೋರಿಸಿ ಎದ್ದಳು.

“ನಿಂತ್ಕೊಂಡು ಮಾತಾಡ್ಬೇಕೇನೇ?” ಎಂದು ಸ್ತಾಮೆನಾ ಪಿಸುಗುಟ್ಟಿದಳು.

“ಕೂತ್ಕೊಂಡೇ ಮಾತಾಡಿ ಅಕ್ಕಾ. ನಿಮಗೇ ಅಂತ ಬಿಟ್ಟಿರೋ ಕುರ್ಚಿ.”

ಸ್ತಾಮೆನಾ ತನ್ನ ನುಡಿಯಲ್ಲೇ ಮಾತಾಡಿದಳು, ಒಂದು ಸಲವೂ ತಡವರಿಸಲಿಲ್ಲ. ಹಿಂದೆ ಗೋಡೆಗೊರಗಿ ನಿಂತ ಜಗೋರ್ಕಾಳ ಎದೆ, ತನ್ನ ಯಾವ ಪದವಿಯ ದಿನವೂ ತುಂಬದಷ್ಟು ತುಂಬಿತು. ಪ್ರತಿನಿಧಿಯನ್ನು ಕೆಲಸದವರೇ ಆರಿಸಬೇಕು, ವಿಚಾರಣೆ ಕಾರ್ಖಾನೆಯ ಹೊರಗೆ ನಡೆಯಬೇಕು ಎಂಬ ಎರಡು ಸಾಲು ಸಮಿತಿಯ ಶಿಫಾರಸಿಗೆ ಸೇರಿದವು.

ಭಗವಂತನು ಜಗೋರ್ಕಾಳಿಗೆ ದೀರ್ಘಾಯುಷ್ಯವನ್ನೂ, ಆಕೆಯ ಮಕ್ಕಳಿಗೆ ತಾಯಿಯ ಸತ್ಯನಿಷ್ಠೆಯನ್ನೂ, ಆ ಮನೆಗೆ ಮುರಿದುಣ್ಣಲು ರೊಟ್ಟಿಯನ್ನೂ ಹಂಚಿಕೊಳ್ಳಲು ನೆರೆಯವರನ್ನೂ ಎಂದೆಂದಿಗೂ ಕರುಣಿಸಲಿ.