ಅಂಬಮ್ಮನ ನಸುಕಿನ ತಂಬಿಗೆ

ಜವಳಗೇರಾದ ಆಶಾ ಕಾರ್ಯಕರ್ತೆ ಅಂಬಮ್ಮ ಊರಿನ ಅರ್ಧದಷ್ಟು ಮನೆಗಳಿಗೆ ಶೌಚಾಲಯ ಕಟ್ಟಿಸಿದವಳು. ಬಯಲಿಗೆ ಹೋಗುವ ಗಂಡಸರನ್ನು ನಡುಬೀದಿಯಲ್ಲಿ ನಿಲ್ಲಿಸಿ ಜಾಡಿಸಿದವಳು. ಅಂಥವಳು ಒಂದು ತಿಂಗಳಿನಿಂದ ನಸುಕಿನಲ್ಲೇ ತಂಬಿಗೆ ಹಿಡಿದು ಕಾಲುವೆ ದಂಡೆಗೆ ಹೋಗುತ್ತಿದ್ದಳು.

ಹೋಗುತ್ತಿದ್ದದ್ದು ನಡೆಯಲು. ಶುಗರ್ ಕಾಲಿಗೆ ಇಳಿಯುತ್ತಿದೆ, ತೂಕ ಇಳಿಸದಿದ್ದರೆ ಕಷ್ಟ ಎಂದು ಸಿಂಧನೂರಿನ ಡಾಕ್ಟರು ಹೇಳಿದ್ದರು. ಮೊದಲ ದಿನ ಬರಿಗೈಯಲ್ಲಿ ಹೊರಟಾಗ ಕಟ್ಟೆಯ ಮೇಲಿದ್ದವರು, "ದಾರಿ ಬಿಡ್ರಲೇ, ನೆಲ್ಲು ತುಂಬಿದ ಲಾರಿ ಬಂತು" ಎಂದು ನಕ್ಕರು. ಆ ಮಾತು ಅವಳ ಎದೆಗೆ ನಾಟಿತು. ತಂಬಿಗೆ ಹಿಡಿದ ಹೆಂಗಸನ್ನು ಮಾತ್ರ ನಮ್ಮ ಕಡೆ ಯಾರೂ ಮಾತಾಡಿಸುವುದಿಲ್ಲ, ಕಂಡವರೂ ಮುಖ ತಿರುಗಿಸುತ್ತಾರೆ. ಅಂಬಮ್ಮ ಆ ಮರೆಯಲ್ಲಿ ನಡೆದಳು. ಇದಕ್ಕೆ ಬುದ್ಧಿ ಎನ್ನಬೇಕೋ ಪೆದ್ದತನ ಎನ್ನಬೇಕೋ ನನಗಂತೂ ತಿಳಿಯದು.

ಆ ಸೋಮವಾರ ದಂಡೆಯ ಮೇಲೆ ಸೀಟಿ ಕೇಳಿಸಿತು. ಬಯಲಿಗೆ ಬಂದವರನ್ನು ಹಿಡಿಯುವ ಪಂಚಾಯಿತಿ ತಂಡ. ಅವರಿಗೆ ಸೀಟಿ ಹಂಚಿದವಳೇ ಅಂಬಮ್ಮ. ಆ ಕೆಲಸ ಎಂದೋ ನಿಂತಿದೆ ಎಂದುಕೊಂಡಿದ್ದಳು. ಬ್ಯಾಟರಿ ಬೆಳಕು ಮುಖಕ್ಕೆ ಬಿತ್ತು.

"ಅಂಬಮ್ಮಾ, ನೀವಾ?" ಎಂದ ಪಂಚಾಯಿತಿ ಸದಸ್ಯ ಅಮರಗುಂಡಪ್ಪ. "ಮನ್ಯಾಗ ಪಾಯಖಾನಿ ಇಟಗೊಂಡು ನೀವ ಹಿಂಗ ಮಾಡಿದ್ರ ಹ್ಯಾಂಗ್ರೀ?"

ಹಿಂದೆ ಏಳೆಂಟು ಜನ ನಿಂತಿದ್ದರು. ಒಬ್ಬ ಆಗಲೇ ಮೊಬೈಲ್ ಎತ್ತಿದ್ದ. ಫೋಟೊ ಊರೆಲ್ಲ ಸುತ್ತಿದರೆ ನಾಳೆ ಯಾವ ಮನೆಯ ಬಾಗಿಲಲ್ಲಿ ನಿಂತು ಅವಳು ಬುದ್ಧಿ ಹೇಳಬೇಕು? ನಿಜ ಹೇಳಿದರೆ ಮತ್ತೆ ಅದೇ ಲಾರಿ ಮಾತು.

ಅಂಬಮ್ಮ ತಂಬಿಗೆ ಎತ್ತಿ ಗಟಗಟ ನೀರು ಕುಡಿದಳು.

"ಕುಡಿಯೋ ನೀರಿದು. ತೊಂಬತ್ತಾರು ಕೆಜಿ ಅದೀನಿ ನಾ. ಮೈ ಕರಗಸಾಕ ನಡ್ಯಾಕತ್ತೀನಿ. ಬರೇ ಕೈಲೆ ಬಂದ್ರ ನಗತೀರಿ ಅಂತ ತಂಬಿಗಿ ಹಿಡದೀನಿ. ಈಗ ಎಷ್ಟ್ ನಗತೀರಿ ನಗ್ರಿ, ಇಲ್ಲೇ ನಿಂತೀನಿ."

ಮೊಬೈಲ್ ಕೆಳಗಿಳಿಯಿತು. ಯಾರೂ ನಗಲಿಲ್ಲ. ಅಂಬಮ್ಮನಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ತನ್ನ ಮೇಲೆಯೇ. "ತೂಕ ಹಾಕಿಸ್ಕೊಳ್ಳಾಕ ನಾಚಿಗ್ಯಾಕವ್ವ?" ಎಂದು ನೂರಾರು ಬಸುರಿಯರಿಗೆ ಧೈರ್ಯ ತುಂಬಿದವಳು ತನ್ನ ಮೈಯನ್ನು ಕದ್ದ ಮಾಲಿನಂತೆ ಕತ್ತಲಲ್ಲಿ ಹೊತ್ತು ತಿರುಗಿದ್ದಳಲ್ಲ!

ಕಣ್ಣೊರೆಸಿಕೊಂಡು ಖಾಲಿ ತಂಬಿಗೆಯನ್ನು ಅಮರಗುಂಡಪ್ಪನ ಕೈಗೆ ಹಿಡಿಸಿದಳು.

"ನಂದು ಇನ್ನಾ ಅರ್ಧ ದಾರಿ ನಡ್ಯೋದೈತಿ. ಇದನ್ನ ನಮ್ಮ ಮನಿಗೆ ಮುಟ್ಟಸ್ರಿ. ನಾಳಿಂದ ಇದು ಬ್ಯಾಡ ನನಗ."